ಹಸಿರಾಗಿ ಕಂಡಿದ್ದೆಲ್ಲ ಬೆಳೆಯಲ್ಲ

ಮೈಸೂರಿನಲ್ಲಿ ಕೂತು ಮಂಡ್ಯದ ಗದ್ದೆ, ಕೆರೆಗಳ ನಕ್ಷೆ ಮಾಡುವುದು ನನ್ನ ಕೆಲಸ. ಉಪಗ್ರಹದ ಚಿತ್ರ ನೋಡಿ ಎಲ್ಲಿ ಭತ್ತ, ಎಲ್ಲಿ ಕಬ್ಬು, ಯಾವ ಕೆರೆಯಲ್ಲಿ ನೀರಿದೆ ಎಂದು ಗುರುತಿಸಬೇಕು. ಹೊಸದಾಗಿ ಸೇರಿದ ಹುಡುಗರು, "ಸರ್, ಮೋಡ ಇಲ್ಲದ ಒಂದು ಚಿತ್ರ ಸಿಕ್ಕಿದೆ, ಶುರು ಮಾಡ್ಲಾ?" ಎಂದು ಕೇಳುತ್ತಾರೆ. ಒಂದೇ ಚಿತ್ರದಲ್ಲಿ ಏನೂ ಆಗುವುದಿಲ್ಲ ಅನ್ನುವುದೇ ನಾನು ಅವರಿಗೆ ಹೇಳುವ ಮೊದಲ ಮಾತು.

ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕಿ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ಹೆಚ್ಚುಕಮ್ಮಿ ಒಂದು ಗುಂಟೆ. ಎಕರೆಗೆ 40 ಚುಕ್ಕಿ ಸಿಕ್ಕಿತು, ಸಾಕಲ್ವಾ ಅನ್ನಿಸುತ್ತದೆ. ಆದರೆ ಉಪಗ್ರಹಕ್ಕೆ ಬೆಳೆ ಕಾಣುವುದಿಲ್ಲ, ಬೆಳಕು ಕಾಣುತ್ತದೆ. ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ವಾಪಸ್ ಕಳಿಸುತ್ತದೆ. ಈ ಎರಡರ ವ್ಯತ್ಯಾಸದಿಂದ ಹಸಿರಿನ ಅಂಕಿ ಬರುತ್ತದೆ. ತೆನೆ ಕಟ್ಟುವ ಮುಂಚಿನ ಭತ್ತಕ್ಕೂ ಎದೆಮಟ್ಟ ಬೆಳೆದ ಕಬ್ಬಿಗೂ ಬರುವ ಅಂಕಿ ಹತ್ತಿರಹತ್ತಿರವೇ.

ಬೇರೆ ಮಾಡುವುದು ಹೇಗೆ? ನಾಟಿ ಕಾಲ ಹಿಡಿಯಬೇಕು. ನಾಲೆಗೆ ನೀರು ಬಿಟ್ಟ ಮೇಲೆ ಭತ್ತದ ಗದ್ದೆಗಳೆಲ್ಲ ಕೆಲವು ವಾರ ನೀರು ನಿಂತು ಕೆಸರಾಗಿರುತ್ತವೆ. ಆಗ ಮೇಲೆ ಮೋಡ, ಮಾಮೂಲಿ ಚಿತ್ರ ಸಿಗದು. ಮೋಡ ದಾಟಿ ನೋಡುವ, ಅದೇ ಸಾಲಿನ ಸೆಂಟಿನೆಲ್-1 ಉಪಗ್ರಹದ ರೇಡಾರ್ ಬೇಕು. ನಿಂತ ನೀರು ರೇಡಾರ್ ಅಲೆಯನ್ನು ಕನ್ನಡಿಯ ಹಾಗೆ ಆಚೆ ಎಸೆಯುತ್ತದೆ, ಉಪಗ್ರಹಕ್ಕೆ ಹೆಚ್ಚೇನೂ ವಾಪಸ್ ಬರದೆ ಗದ್ದೆ ಕಪ್ಪಗೆ ಕಾಣುತ್ತದೆ. ಪೈರು ಮೇಲೆದ್ದ ಹಾಗೆ ಬೆಳ್ಳಗಾಗುತ್ತಾ ಹೋಗುತ್ತದೆ. ಕಪ್ಪಾಗಿ ಬೆಳ್ಳಗಾಗಿದ್ದು ಭತ್ತ. ಕಬ್ಬಿಗೆ ಇಂಥ ಒಂದು ಗುರುತಿಲ್ಲ. ಒಬ್ಬರು ಈಗ ನೆಟ್ಟಿರುತ್ತಾರೆ, ಪಕ್ಕದವರದ್ದು ಕಡಿದ ಬುಡದಿಂದ ಮತ್ತೆ ಚಿಗುರಿದ ಕೂಳೆ, ಆಚೆಯದ್ದು ಆಗಲೇ ಆಲೆಮನೆಗೆ ಹೋಗಿರುತ್ತದೆ. ಹಾಗಾಗಿ ಇಡೀ ವರ್ಷದ ಚಿತ್ರ ಸಾಲಾಗಿ ಇಟ್ಟೇ ನೋಡಬೇಕು.

ಕೆರೆಗಳದ್ದು ಇನ್ನೂ ತಮಾಷೆ. ಅಂತರಗಂಗೆ ಹಬ್ಬಿದರೆ ತುಂಬಿದ ಕೆರೆಯೂ ಹಸಿರು ಹೊಲವಾಗಿ ಕಾಣುತ್ತದೆ. ರೇಡಾರ್ ಕೂಡ ಇಲ್ಲಿ ಕೈಕೊಡುತ್ತದೆ, ಎಲೆ ದಟ್ಟವಾಗಿದ್ದರೆ ಅಲೆ ನೀರಿನವರೆಗೆ ಹೋಗುವುದೇ ಇಲ್ಲ. ಹಳೆಯ ವರ್ಷಗಳ ಚಿತ್ರ ತೆಗೆದು ನೋಡುತ್ತೇನೆ, ಆಮೇಲೆ ಊರಿಗೆ ಫೋನ್. ನೀರುಗಂಟಿ ಒಬ್ಬರು, "ನೀರೈತೆ ಸಾ, ಮ್ಯಾಲೆ ಮುಚ್ಕೊಂಡೈತೆ ಅಷ್ಟೆ" ಅಂದರು. ಆ ಒಂದು ಮಾತು ನಕ್ಷೆಯ ಬಣ್ಣ ಬದಲಿಸಿತು.

ಹೋಲಿಸುವಾಗಲೂ ಅಷ್ಟೆ. ಕೆಆರ್‌ಎಸ್ 2023ರಲ್ಲಿ ತುಂಬಲಿಲ್ಲ, 2024ರ ಜುಲೈನಲ್ಲಿ 124.80 ಅಡಿ ತುಂಬಿತು. ಎರಡೂ ವರ್ಷದ ಆಗಸ್ಟ್ ಚಿತ್ರ ಅಕ್ಕಪಕ್ಕ ಇಟ್ಟರೆ ಅದು ಬರಗಾಲದ ಕಥೆ. ಏಪ್ರಿಲ್ ಚಿತ್ರದ ಪಕ್ಕ ಅಕ್ಟೋಬರ್ ಇಟ್ಟರೆ ಬೇಸಿಗೆ ಕಳೆದು ಮಳೆಗಾಲ ಬಂತು ಅಂತಷ್ಟೇ ಗೊತ್ತಾಗುತ್ತದೆ. ಅಂಥ ಜೋಡಿ ಚಿತ್ರಗಳು ವಾಟ್ಸಾಪ್‌ನಲ್ಲಿ ಜಾಸ್ತಿ ಓಡಾಡುತ್ತವೆ. ನನಗಂತೂ ತಾರೀಖಿಲ್ಲದ ಚಿತ್ರ ಚಿತ್ರವೇ ಅಲ್ಲ.

2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಇಸ್ರೋ, ನಾಸಾ ಜೊತೆಯಾಗಿ ಮಾಡಿದ ನೈಸಾರ್ ಎಂಬ ರೇಡಾರ್ ಉಪಗ್ರಹ ಹಾರಿತು. ಅದರ ಎಲ್ ಬ್ಯಾಂಡ್ ಅಲೆ ಸುಮಾರು 24 ಸೆಂಟಿಮೀಟರ್ ಉದ್ದ, ಸೆಂಟಿನೆಲ್-1ರದ್ದು ಐದೂವರೆ. ಉದ್ದದ ಅಲೆ ಎಲೆ ದಾಟಿ ಒಳಗೆ ಇಳಿಯುತ್ತದೆ. ಎತ್ತರದ ಕಬ್ಬಿನೊಳಗೆ ಅದಕ್ಕೆ ಏನು ಕಾಣುತ್ತದೋ ನೋಡಬೇಕೆಂದು ಮದ್ದೂರಿನ ಕಡೆ ಕೆಲವು ಗದ್ದೆಗಳ ನೆಟ್ಟ ತಾರೀಖು ಈಗಲೇ ಬರೆದಿಟ್ಟುಕೊಳ್ಳುತ್ತಿದ್ದೇವೆ.