ಕಾಳುವಿನ ಮೂಗಿಗೆ ಮಳೆಗಾಲದ ಕೆಲಸ

ಶಿರಸಿಯ ಆಷಾಢದ ಮಳೆ ಗೊತ್ತಲ್ವಾ, ಹಿಡಿದರೆ ಬಿಡುವುದಿಲ್ಲ. ಕಳೆದ ವರ್ಷ ಎಂಟು ದಿನ ತೋಟಕ್ಕೆ ಹೋಗಲಾಗದೆ ನಮ್ಮ ನಾಯಿ ಕಾಳು ಜಗಲಿಯಲ್ಲೇ ಉಳಿದ. ಎರಡು ಜೊತೆ ಚಪ್ಪಲಿ ಕಚ್ಚಿ ಹಾಕಿದ. ಬೈದೆ. ಆಮೇಲೆ ಪಾಪ ಅನ್ನಿಸಿತು. ಅವನಿಗೆ ಮಾಡಲು ಕೆಲಸವೇ ಇರಲಿಲ್ಲ.

ಈಗ ಸಂಜೆ ನಾಲ್ಕೈದು ಒಣ ಅಡಿಕೆ ಹಾಳೆ ತಂದು ಜಗಲಿಯಲ್ಲಿ ಮಗುಚಿಡುತ್ತೇನೆ. ಎರಡರ ಕೆಳಗೆ ಮಾತ್ರ ಚಪಾತಿ ಚೂರು. ಕಾಳು ಮೊದಲು ಬಾಗಿಲಲ್ಲೇ ನಿಂತು ಗಾಳಿ ಮೂಸುತ್ತಾನೆ. ಆಮೇಲೆ ಹಾಳೆಯ ಅಂಚಿಗೆ ಮೂಗು ತಾಗಿಸಿ ಪುಸ್ ಪುಸ್ ಅಂತ ಉಸಿರೆಳೆಯುತ್ತಾನೆ. ಖಾಲಿ ಹಾಳೆಯನ್ನು ಮುಟ್ಟುವುದೂ ಇಲ್ಲ! ಚೂರು ಇರುವುದು ಸಿಕ್ಕಿತೋ, ಮುಂಗಾಲಲ್ಲಿ ಟಪ್ ಅಂತ ಮಗುಚಿ ನನ್ನ ಮುಖ ನೋಡುತ್ತಾನೆ. ಆ ನೋಟಕ್ಕೇ ನಾನು ಕಾಯುವುದು.

ವಾಸನೆ ಹಿಡಿಯುವ ಕೋಶಗಳು ನಾಯಿಯ ಮೂಗಿನಲ್ಲಿ ನಮಗಿಂತ ಹತ್ತಾರು ಪಟ್ಟು ಜಾಸ್ತಿ. ಹಾಗಾಗಿ ಸುಮ್ನೆ ಓಡಿಸುವುದಕ್ಕಿಂತ ಹುಡುಕಿಸಿದರೆ ತಲೆಗೂ ಕೆಲಸ. 15 ನಿಮಿಷ ಆಡಿದರೆ ಸಾಕು, ಕಂಬಳಿ ಮೇಲೆ ಗೊರಕೆ.

ಹಾಳೆ ಅಗಿಯಲು ಮಾತ್ರ ಬಿಡಬೇಡಿ, ನಾರು ಗಂಟಲಲ್ಲಿ ಸಿಕ್ಕೀತು. ದ್ರಾಕ್ಷಿ, ಈರುಳ್ಳಿ, ಚಾಕಲೇಟ್ ಬಚ್ಚಿಡಲೇಬೇಡಿ. ನಾಯಿಗೆ ಅವು ವಿಷ.

ನಾಳೆಯಿಂದ ಹಾಳೆ ಆರು ಮಾಡಬೇಕು. ಐದು ಅವನಿಗೆ ಸುಲಭವಾಗಿಬಿಟ್ಟಿದೆ.