ಪ್ರಾಗ್ ನಡೆದೇ ನೋಡಬಹುದಾ? ನೋಡಬಹುದು, ಏರು ಬಿಟ್ಟು

"ಗೆಳೆಯನ ಜೊತೆ ಪ್ರಾಗ್‌ಗೆ ಹೋಗ್ತಿದ್ದೀನಿ, ಮೂರು ದಿನ ಇದೆ. ನಡೆದೇ ಊರು ನೋಡಬಹುದಾ, ಟೂರ್ ಬಸ್ ಹಿಡೀಬೇಕಾ?" ರಜೆ ಹತ್ತಿರ ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ.

ಬಸ್ ಬೇಡ. ಬೆಟ್ಟದ ಮೇಲಿನ ಪೋಹೊರ್ಜೆಲೆಟ್ಸ್ ಟ್ರಾಮ್ ನಿಲ್ದಾಣದಿಂದ ಹೊರಟು ಕೋಟೆ, ನೆರುದೊವಾ ಬೀದಿ, ಚಾರ್ಲ್ಸ್ ಸೇತುವೆ ಹಾದು ಹಳೇ ಪಟ್ಟಣದ ಚೌಕ ಮುಟ್ಟಲು ಮೂರು ಕಿಲೋಮೀಟರ್ ಕೂಡ ಆಗುವುದಿಲ್ಲ. ನೋಡಬೇಕಾದ್ದರಲ್ಲಿ ಮುಕ್ಕಾಲು ಪಾಲು ಈ ಒಂದು ಗೆರೆಯ ಮೇಲೇ ಇದೆ. ಇಷ್ಟಾದರೂ ಎರಡನೇ ದಿನಕ್ಕೇ ಕುಂಟುವವರು ಬಹಳ. ಕಾರಣ ಎರಡು: ನೆಲದ ಕಲ್ಲು, ಕೋಟೆಯ ಏರು.

ಮೊದಲು ಕಲ್ಲು. ಹಳೇ ಊರಿನ ಕಾಲುದಾರಿಗಳಿಗೆ ಪುಟ್ಟ ಪುಟ್ಟ ಚೌಕದ ಕಲ್ಲುಗಳನ್ನು ಚಿತ್ತಾರ ಬರುವಂತೆ ಕೂರಿಸಿದ್ದಾರೆ. ಗಾಡಿ ಓಡಾಡುವ ಬೀದಿಗೆ ದಪ್ಪ, ಉಬ್ಬು ಕಲ್ಲು. ಚೆಕ್ ಜನ ಅದನ್ನು 'ಬೆಕ್ಕಿನ ತಲೆ' ಎನ್ನುತ್ತಾರೆ. ತೆಳು ಅಟ್ಟೆಯ ಬೂಟಾದರೆ ಪ್ರತಿಯೊಂದು ತಲೆಯೂ ಪಾದಕ್ಕೆ ಒತ್ತುತ್ತದೆ. ಸವೆದು ನುಣುಪಾದ ಚಿಕ್ಕ ಕಲ್ಲು ಮಳೆ ಬಿದ್ದರೆ ಜಾರುತ್ತದೆ. ದಪ್ಪ ರಬ್ಬರ್ ಅಟ್ಟೆಯ, ಆಗಲೇ ಕಾಲಿಗೆ ಪಳಗಿದ ಬೂಟು ಹಾಕಿ. ಪ್ರವಾಸಕ್ಕೆಂದೇ ಹೊಸದು ಕೊಂಡು ಅಲ್ಲೇ ಮೊದಲ ಸಲ ಹಾಕಿಕೊಳ್ಳುವುದು ಬೊಬ್ಬೆಗೆ ಮುಂಗಡ ಕೊಟ್ಟಂತೆ. ಸೂಟ್‌ಕೇಸಿನ ಸಣ್ಣ ಚಕ್ರ ಕಲ್ಲಿನ ಸಂದಿಗೆ ಸಿಕ್ಕಿ ಮುರಿಯುತ್ತದೆ. ಬೆನ್ನಿಗೆ ಹಾಕುವ ಚೀಲ ಒಯ್ಯಿರಿ, ಇಲ್ಲವೇ ಟ್ರಾಮ್ ನಿಲ್ದಾಣಕ್ಕೆ ಅಂಟಿಕೊಂಡಂತಿರುವ ವಸತಿ ಹುಡುಕಿ.

ವಿಮಾನ ನಿಲ್ದಾಣದಿಂದ ಊರೊಳಕ್ಕೆ ಬರುವುದು ಸುಲಭ. 59ನೇ ನಂಬರಿನ ಟ್ರಾಲಿಬಸ್ ಹತ್ತಿ ವೆಲೆಸ್ಲಾವೀನ್‌ನಲ್ಲಿ ಇಳಿದರೆ ಅಲ್ಲೇ ಮೆಟ್ರೋದ ಹಸಿರು ಮಾರ್ಗ. ಎಡವುವುದು ಟಿಕೆಟ್‌ನಲ್ಲಿ. ಕಾಗದದ ಟಿಕೆಟ್ ಕೊಂಡರೆ ಸಾಲದು, ಹಳದಿ ಯಂತ್ರದಲ್ಲಿ ತೂರಿಸಿ ಸಮಯದ ಮುದ್ರೆ ಒತ್ತಿಸಬೇಕು, ಅದೂ ಒಂದೇ ಸಲ. ಮುದ್ರೆ ಇಲ್ಲದ ಟಿಕೆಟ್ ಜೇಬಲ್ಲಿದ್ದರೂ ತಪಾಸಣೆಯವರಿಗೆ ಅದು ಟಿಕೆಟ್ಟೇ ಅಲ್ಲ, ದಂಡ ಕಟ್ಟಬೇಕಾಗುತ್ತದೆ. ಟ್ರಾಮ್ ಒಳಗಿನ ಯಂತ್ರಕ್ಕೆ ಕಾರ್ಡ್ ತೋರಿಸಿ ಪಡೆದ ಟಿಕೆಟ್‌ಗೆ ಮಾತ್ರ ಮುದ್ರೆ ಬೇಡ. ಇಬ್ಬರಿದ್ದರೆ ಎರಡು ಟಿಕೆಟ್, ಅವರವರದು ಅವರವರ ಕೈಯಲ್ಲಿ.

ಇನ್ನು ವಿಳಾಸ. ಪ್ರಾಗ್‌ನ ಮನೆಗಳ ಗೋಡೆಯಲ್ಲಿ ಎರಡು ಫಲಕ ಇರುತ್ತವೆ, ಒಂದು ಕೆಂಪು, ಒಂದು ನೀಲಿ, ಎರಡರಲ್ಲೂ ಬೇರೆ ಬೇರೆ ಸಂಖ್ಯೆ. ಕೆಂಪಿನದು ಆ ಭಾಗದ ಮನೆಗಳ ದಾಖಲೆಯ ಸಂಖ್ಯೆ. ರಾಣಿ ಮರಿಯಾ ತೆರೇಸಾ ಕಾಲದಲ್ಲಿ, 1770ರಲ್ಲಿ, ಶುರುವಾದ ಪದ್ಧತಿ. ಬೀದಿಯಲ್ಲಿ ಸಾಲಾಗಿ ಎಣಿಸಿಕೊಂಡು ಹೋಗಲು ಬೇಕಾದದ್ದು ನೀಲಿ. ನೆರುದೊವಾ 233/47 ಎಂದು ಬರೆದಿದ್ದರೆ 233 ಕೆಂಪು, 47 ನೀಲಿ. 233 ಹುಡುಕಿಕೊಂಡು ಹೋದವರು ಬೀದಿ ಮುಗಿದರೂ ನಡೆಯುತ್ತಲೇ ಇರುತ್ತಾರೆ. ಸಂಖ್ಯೆಗೂ ಮುಂಚೆ ಮನೆಗಳಿಗೆ ಗುರುತಿನ ಚಿತ್ರಗಳಿದ್ದವು. ಈ 47ರ ಬಾಗಿಲ ಮೇಲೆ ಇವತ್ತಿಗೂ ಎರಡು ಸೂರ್ಯರಿದ್ದಾರೆ. ಲೇಖಕ ಯಾನ್ ನೆರುದಾ ಬಾಳಿದ ಮನೆ ಅದು, ಬೀದಿಗೂ ಅವನದೇ ಹೆಸರು. ಬಾಡಿಗೆ ಫ್ಲ್ಯಾಟ್ ಹಿಡಿದಿದ್ದರೆ ಇನ್ನೊಂದು ಮಾತು ಕೇಳಿಟ್ಟುಕೊಳ್ಳಿ: ಕರೆಗಂಟೆಯ ಮೇಲೆ ಏನು ಹೆಸರಿದೆ? ಅಲ್ಲಿನ ಗಂಟೆಗಳ ಮೇಲೆ ಸಾಮಾನ್ಯವಾಗಿ ಮನೆಯವರ ಹೆಸರಿರುತ್ತದೆ, ಫ್ಲ್ಯಾಟ್ ನಂಬರ್ ಅಲ್ಲ.

ಇಳಿದ ದಿನ ಕೋಟೆಗೆ ಹೋಗಬೇಡಿ. ವಲ್ಟವಾ ನದಿಯ ಬಲದಂಡೆ, ಅಂದರೆ ಹಳೇ ಪಟ್ಟಣದ ಬದಿ, ಸಮತಟ್ಟು, ಅಲ್ಲೇ ಸುತ್ತಾಡಿ ಬೇಗ ಮಲಗಿ. ಭಾರತದ ಗಡಿಯಾರ ಪ್ರಾಗ್‌ಗಿಂತ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಮುಂದೆ. ಬೆಂಗಳೂರಿನಲ್ಲಿ ಎಂಟಕ್ಕೆ ಏಳುವವರಿಗೂ ಅಲ್ಲಿ ಬೆಳಗಿನ ಜಾವಕ್ಕೇ ಎಚ್ಚರವಾಗುತ್ತದೆ. ಹೊರಳಾಡಬೇಡಿ, ಎದ್ದು ಸೇತುವೆಗೆ ಹೋಗಿ. 1357ರಲ್ಲಿ ಕಟ್ಟಲು ಶುರುಮಾಡಿದ, 516 ಮೀಟರ್ ಉದ್ದದ ಚಾರ್ಲ್ಸ್ ಸೇತುವೆ ಹಗಲು ಹತ್ತರ ಮೇಲೆ ಜಾತ್ರೆ, ಜೇಬುಗಳ್ಳರಿಗೂ ಅದೇ ಹೊತ್ತು. ಆರಕ್ಕೆ ಹೋದರೆ ಮೂವತ್ತು ವಿಗ್ರಹಗಳೂ ನಿಮ್ಮವು. ಜೂನ್‌ನಲ್ಲಿ ಐದಕ್ಕೇ ಬೆಳಕು. ಡಿಸೆಂಬರ್‌ನಲ್ಲಾದರೆ ಸೂರ್ಯ ಬರುವುದು ಎಂಟರ ಹತ್ತಿರ, ಅದಕ್ಕೆ ತಕ್ಕಂತೆ ಹೊರಡಿ.

ಸೇತುವೆ ದಾಟಿದ ಮೇಲೆ ಎದುರಿಗೆ ಏರು. ಚಾಮುಂಡಿ ಬೆಟ್ಟದ ಮೆಟ್ಟಿಲಿಗೆ ಹರಕೆ ಹೊತ್ತವರಿರುತ್ತಾರೆ. ಪ್ರಾಗ್ ಕೋಟೆಗೆ ಹಾಗೆ ಯಾರೂ ಹೊತ್ತಿಲ್ಲ. ಮಾಲೊಸ್ತ್ರಾನ್ಸ್ಕೆ ಚೌಕದಲ್ಲಿ ಬೀಲಾ ಹೋರಾ ಕಡೆಗೆ ಹೋಗುವ 22ನೇ ಟ್ರಾಮ್ ಹತ್ತಿ. 'ಪ್ರಾಗ್ ಕೋಟೆ' ಎಂಬ ಹೆಸರಿನ ನಿಲ್ದಾಣ ಬಂದಾಗ ಎಲ್ಲರೂ ಇಳಿಯುತ್ತಾರೆ, ನೀವು ಇಳಿಯಬೇಡಿ. ಪೋಹೊರ್ಜೆಲೆಟ್ಸ್‌ವರೆಗೆ ಹೋಗಿ. ಅಲ್ಲಿಂದ ಮುಂದೆ ದಾರಿಯೆಲ್ಲ ಇಳಿಜಾರು. ಕೋಟೆಯ ಆವರಣಕ್ಕೆ ಶುಲ್ಕವಿಲ್ಲ, ಬೆಳಿಗ್ಗೆ ಆರಕ್ಕೇ ತೆರೆಯುತ್ತದೆ. ಒಳಗಿನ ಕಟ್ಟಡಗಳಿಗೆ ಮಾತ್ರ ಟಿಕೆಟ್, ಅವು ಒಂಬತ್ತಕ್ಕೆ. ತಡವಾದಷ್ಟೂ ಸಾಲು ಉದ್ದ. 1344ರಲ್ಲಿ ಆರಂಭಿಸಿ 1929ರಲ್ಲಿ ಮುಗಿಸಿದ ಸಂತ ವೀಟಸ್ ಚರ್ಚನ್ನು ಹೊರಗಿನಿಂದ ಒಂದು ಸುತ್ತು ಬಂದು ನೋಡಲೇ ಅರ್ಧ ಗಂಟೆ ಬೇಕು.

ರಸ್ತೆ ದಾಟುವಾಗ ಒಂದು ಎಚ್ಚರಿಕೆ. ಜೀಬ್ರಾ ಪಟ್ಟೆ ಮೇಲೆ ಕಾಲಿಟ್ಟರೆ ಕಾರು ನಿಲ್ಲುತ್ತದೆ, ಟ್ರಾಮ್ ನಿಲ್ಲುವುದಿಲ್ಲ. ಅಲ್ಲಿನ ಕಾನೂನಿನಲ್ಲೇ ಮೊದಲ ಹಕ್ಕು ಟ್ರಾಮ್‌ಗೆ.

ದುಡ್ಡು ಯೂರೋ ಅಲ್ಲ, ಕೊರುನಾ. ಎಟಿಎಂ ಪರದೆ "ರೂಪಾಯಿಗೆ ಬದಲಿಸಿ ಲೆಕ್ಕ ಹಾಕಲೇ?" ಎಂದರೆ ಬೇಡ ಅನ್ನಿ, ಒಪ್ಪಿದರೆ ದರ ಅವರದಾಗುತ್ತದೆ. 'ಕಮಿಷನ್ ಇಲ್ಲ' ಎಂಬ ಬೋರ್ಡಿನ ವಿನಿಮಯ ಅಂಗಡಿ ಅದೇ ಹಣವನ್ನು ಕೆಟ್ಟ ದರದಲ್ಲಿ ವಸೂಲು ಮಾಡುತ್ತದೆ. ಮೋಸಹೋದಿರಿ ಅನ್ನಿಸಿದರೆ 2019ರಿಂದ ಒಂದು ದಾರಿ ಇದೆ: ಸಣ್ಣ ಮೊತ್ತದ ವಿನಿಮಯವನ್ನು ಮೂರು ಗಂಟೆಯೊಳಗೆ ರಸೀದಿ ತೋರಿಸಿ ರದ್ದು ಮಾಡಿಸಬಹುದು. ರಸೀದಿ ಎಸೆಯಬೇಡಿ. ಶೌಚಾಲಯಕ್ಕೆಂದು ಚಿಲ್ಲರೆಯೂ ಇರಲಿ.

ಇಬ್ಬರಲ್ಲಿ ಒಬ್ಬರು ಫೋಟೋ ತೆಗೆಯುತ್ತ ಹಿಂದುಳಿಯುತ್ತಾರೆ, ಇನ್ನೊಬ್ಬರು ತಿರುವಿನಲ್ಲಿ ಮರೆಯಾಗುತ್ತಾರೆ. ದುಡ್ಡು ಉಳಿಸಲು ಇಬ್ಬರಿಗೂ ಒಂದೇ ಸಿಮ್ ಎಂದಿಟ್ಟುಕೊಂಡವರಿಗೆ ಆಗ ಗೊತ್ತಾಗುತ್ತದೆ. ಮೊದಲೇ ಒಂದು ಜಾಗ ಗೊತ್ತುಮಾಡಿಕೊಳ್ಳಿ. ಊರವರೂ ಹಾಗೇ ಮಾಡುವುದು: ವಾಟ್ಸ್ಲಾವ್ ಚೌಕದ ಮೇಲ್ತುದಿಯಲ್ಲಿ ಕುದುರೆ ಏರಿದ ಸಂತನ ಪ್ರತಿಮೆ ಇದೆ, "ಬಾಲದ ಕೆಳಗೆ ಸಿಗೋಣ" ಎನ್ನುತ್ತಾರೆ. ಹಳೇ ಚೌಕದ 1410ರ ಗಡಿಯಾರದ ಕೆಳಗೆ ಮಾತ್ರ ಬೇಡ. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಹನ್ನೊಂದರವರೆಗೆ ಗಂಟೆಗೊಮ್ಮೆ ಅದರಲ್ಲಿ ಓಡಾಡುವ ಬೊಂಬೆ ನೋಡಲು ಜನ ಮುಕುರುತ್ತಾರೆ, ಯಾರೂ ಯಾರಿಗೂ ಸಿಗುವುದಿಲ್ಲ.

ಸಸ್ಯಾಹಾರಿಗಳು ಮೆನುವಿನಲ್ಲಿ 'ಬೆಜ್ಮಸಾ' ಎಂಬ ತಲೆಬರಹ ಹುಡುಕಬೇಕು, ಅಂದರೆ ಮಾಂಸವಿಲ್ಲದ್ದು. ಮೊಟ್ಟೆ ಅದರಲ್ಲಿ ಸೇರಿಯೇ ಇರುತ್ತದೆ: ಕರಿದ ಚೀಸ್‌ನ ಹೊರಪದರದಲ್ಲೂ, ಆಲೂಗಡ್ಡೆಯ ಬ್ರಾಂಬೊರಾಕ್ ದೋಸೆಯಲ್ಲೂ. ಬೆಳ್ಳುಳ್ಳಿ ಸಾರು ಕಂಡು ಹಿಗ್ಗುವ ಮುಂಚೆ ಅದು ಮಾಂಸ ಬೇಯಿಸಿದ ನೀರಿನದಾ ಎಂದು ಕೇಳಿ. ಬಿಲ್ ತರುವಾಗ ಮಾಣಿ "ದೊಹ್ರೊಮಡಿ, ನೆಬೊ ಜ್ವ್ಲಾಷ್ಟ್?" ಎನ್ನುತ್ತಾನೆ. ಒಟ್ಟಿಗೋ, ಬೇರೆ ಬೇರೆಯೋ ಎಂದು. ಎರಡನೆಯದನ್ನು ಹೇಳಿದರೆ ನೀವು ಏನೇನು ತಿಂದಿರಿ ಎಂದು ಒಬ್ಬೊಬ್ಬರೇ ಒಪ್ಪಿಸಬೇಕು, ಅವನು ಅಲ್ಲೇ ನಿಂತು ಕೂಡುತ್ತಾನೆ.