ಓ.ಟಿ.ಯಲ್ಲಿ ಪಾರಿಜಾತ

ಬಾಗಲಕೋಟೆ, ಮಂಗಳವಾರ, 18 ಜೂನ್ 2024

ಇಂದು ನಮ್ಮ ಓ.ಟಿ.ಯ (ಆಪರೇಷನ್ ಥಿಯೇಟರಿನ) ಪಟ್ಟಿಯಲ್ಲಿದ್ದವರೆಲ್ಲ ಕಣ್ಣಿನ ಪೊರೆಯವರೇ. ಮನೆಗೆ ಬಂದು ರೊಟ್ಟಿ ತಟ್ಟುವಾಗಲೂ ತಲೆಯಲ್ಲಿ ಉಳಿದದ್ದು ಲೋಕಾಪುರದ ಕಡೆಯ ಅಜ್ಜ ಒಬ್ಬನೇ.

ಹೊರಗೆ ಹನಿ ಹಾಕುವಾಗ 150 ಇದ್ದ ರಕ್ತದೊತ್ತಡ, ಒಳಗೆ ಮಲಗಿಸಿ ಮುಖಕ್ಕೆ ಹಸಿರು ಬಟ್ಟೆ ಹೊದಿಸುವಷ್ಟರಲ್ಲಿ 190 ಮುಟ್ಟಿತು. ನಮಗಿದು ಹೊಸದಲ್ಲ. ಜೋಮು ಹಿಡಿಸುವುದು ಕಣ್ಣಿಗೆ ಮಾತ್ರ, ಕಿವಿ ಪೂರ್ತಿ ಎಚ್ಚರವಾಗಿರುತ್ತದೆ. ಏನೂ ಕಾಣದೆ ಮಲಗಿದವರಿಗೆ ಟ್ರೇಯಲ್ಲಿ ಚಿಮಟ ಇಟ್ಟ ಸದ್ದೂ ಕತ್ತಿ ಮಸೆದಂತೆ ಕೇಳಿಸುತ್ತದೆ. ಒತ್ತಡ ಇಳಿಯದಿದ್ದರೆ ಇನ್ನೊಂದು ದಿನ ಬನ್ನಿ ಎಂದು ವಾಪಸು ಕಳಿಸಬೇಕಾಗುತ್ತದೆ.

ನಮ್ಮ ಓ.ಟಿ.ಯ ಸ್ಪೀಕರಿನಲ್ಲಿ ಸದಾ ಒಂದೇ ಕೊಳಲು. ಅಜ್ಜ ಬಟ್ಟೆಯ ಒಳಗಿನಿಂದಲೇ ಹೇಳಿದ: “ತಂಗೀ, ಅದನ್ನು ಬಂದ್ ಮಾಡವ್ವ. ದೊಡ್ಡವರು ಯಾರಾದರೂ ತೀರಿಕೊಂಡಾಗ ಟಿವಿಯಲ್ಲಿ ಇದನ್ನೇ ಹಾಕುತ್ತಾರೆ.”

“ಮತ್ತೇನು ಹಾಕಲಿ ಅಜ್ಜಾ?”

“ಪಾರಿಜಾತ ಇದೆಯೇನು?”

ಡಾಕ್ಟರು ಆಗಲಿ ಎಂದು ತಲೆಯಾಡಿಸಿದರು. ಮೊಬೈಲಿನಲ್ಲಿ ಹುಡುಕಿದರೆ ನಮ್ಮ ಕಡೆಯ ಬಯಲಾಟ ಶ್ರೀಕೃಷ್ಣ ಪಾರಿಜಾತಕ್ಕೇನು ಕೊರತೆ! ಹಾರ್ಮೋನಿಯಂ ಎದ್ದಿತು, ಭಾಗವತನ ದನಿ ಬಂದಿತು. ಕೌಜಲಗಿ ನಿಂಗಮ್ಮನ ಆಟಕ್ಕಾಗಿ ಊರೂರು ನಡೆದು ಹೋಗುತ್ತಿದ್ದೆವು ಎಂದು ಅಜ್ಜ ಶುರುಮಾಡಿದ. ಮಾತಾಡಬೇಡ ಎಂದು ಗದರಬೇಕಾಯಿತು. ಸ್ವಲ್ಪ ಹೊತ್ತಿಗೆ ನೋಡಿದರೆ 156.

ಅಷ್ಟರಲ್ಲಿ ಮಾನಿಟರ್ ಕೂಗಿಕೊಂಡಿತು. ಎದೆ ಧಸಕ್ಕೆಂದಿತು. ನೋಡಿದರೆ ಉಸಿರಾಟ ಸರಿಯಾಗಿಯೇ ಇದೆ. ಆಮ್ಲಜನಕ ಅಳೆಯುವ ಕ್ಲಿಪ್ಪು ಹಾಕಿದ ಬೆರಳಿನಿಂದಲೇ ಅಜ್ಜ ತಾಳ ಹಾಕುತ್ತಿದ್ದಾನೆ! ಕ್ಲಿಪ್ಪನ್ನು ಇನ್ನೊಂದು ಕೈಗೆ ಬದಲಿಸಿದೆ. ಆಮೇಲೆ ತಲೆಯೂ ತೂಗತೊಡಗಿತು. ಕಣ್ಣೊಳಗೆ ಉಪಕರಣ ಇರುವಾಗ ತಲೆದೂಗುವುದೆಂದರೆ! ಡಾಕ್ಟರು ಯಂತ್ರದ ಪೆಡಲಿನಿಂದ ಕಾಲೆತ್ತಿ, “ಅಜ್ಜಾ, ಅಲುಗಾಡಬೇಡಿ” ಎಂದರು.

“ಇಲ್ಲ ಸಾಹೇಬರೇ, ಸತ್ಯಭಾಮೆ ಸಿಟ್ಟಾಗಿದ್ದಾಳೆ.”

“ಸಿಸ್ಟರ್, ಸತ್ಯಭಾಮೆಯ ದನಿ ಸ್ವಲ್ಪ ಇಳಿಸಿ.”

ಇಳಿಸಿದೆ. ಉಳಿದದ್ದೆಲ್ಲ ಸುಸೂತ್ರ.

ಇದೇನೂ ನಮ್ಮ ಹೊಸ ಶೋಧವಲ್ಲ. 1914ರಷ್ಟು ಹಿಂದೆಯೇ ಎವಾನ್ ಕೇನ್ ಎಂಬ ಅಮೆರಿಕದ ಸರ್ಜನ್ ಓ.ಟಿ.ಯಲ್ಲಿ ಫೋನೋಗ್ರಾಫ್ ಇಡುವ ಬಗ್ಗೆ ಬರೆದಿದ್ದ. 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ 73 ಪ್ರಯೋಗಗಳನ್ನು ಒಟ್ಟಿಗೆ ನೋಡಿದವರು, ಸಂಗೀತ ಕೇಳಿದವರಿಗೆ ಶಸ್ತ್ರಚಿಕಿತ್ಸೆಯ ನಂತರ ನೋವು, ಆತಂಕ ಎರಡೂ ಕಡಿಮೆ ಎಂದು ಕಂಡುಕೊಂಡರು. ನರಕ್ಕೆ ಅರಿವಳಿಕೆ ಕೊಡುವ ಮೊದಲು ಮಿಡಜೋಲಾಮ್ ಎಂಬ ಮಂಪರು ತರಿಸುವ ಚುಚ್ಚುಮದ್ದಿಗೂ ಸಂಗೀತಕ್ಕೂ 2019ರಲ್ಲಿ ಪೈಪೋಟಿ ಇಟ್ಟಿದ್ದರು. ಆತಂಕ ಇಳಿಸುವುದರಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಆದರೆ ಹೆಡ್‌ಫೋನ್ ಹಾಕಿದವರೊಡನೆ ಮಾತಾಡುವುದೇ ಕಷ್ಟವಾಯಿತಂತೆ. ಆಗದೇ ಇರುತ್ತದೆಯೇ? “ಕೆಳಗೆ ನೋಡಿ” ಎಂದಾಗ ನಮ್ಮವರಿಗೆ ಕೇಳಿಸಲೇಬೇಕು. ನಮಗೆ ಸ್ಪೀಕರೇ ಸರಿ.

ನನಗೆ ಅನ್ನಿಸುವುದು, ಅಜ್ಜನ ಒತ್ತಡ ಇಳಿಸಿದ್ದು ಬರೀ ಹಾಡಲ್ಲ, ಏನು ಬೇಕು ಎಂದು ಕೇಳಿದ್ದೂ ಹೌದು. ಬೆಳಗಿನಿಂದ ಅವನನ್ನು ಕೂರು, ಮಲಗು, ಬಾಯಿ ಮುಚ್ಚು ಎಂದವರೇ ಎಲ್ಲರೂ, ನಾನೂ ಸೇರಿ.

ಅದೇ ಹುರುಪಿನಲ್ಲಿ ಮುಂದಿನ ಅಮ್ಮನನ್ನೂ ಕೇಳಿದೆ. “ಯಾವ ಹಾಡೂ ಬೇಡವ್ವ, ಕೈ ಹಿಡಿದುಕೊಂಡಿರು” ಎಂದಳು. ಟ್ರೇ ನೋಡಬೇಕಾದವಳು ನಾನು, ಕೈ ಎಲ್ಲಿಂದ ತರಲಿ? ವಾರ್ಡಿನ ಹುಡುಗಿಯನ್ನು ಕರೆಸಿ ನಿಲ್ಲಿಸಿದೆವು.

ನಮ್ಮ ಫಾರ್ಮಿನಲ್ಲಿ ಸಕ್ಕರೆ ಕಾಯಿಲೆ, ಅಲರ್ಜಿ, ಕೃತಕ ಹಲ್ಲು ಎಲ್ಲಕ್ಕೂ ಖಾನೆಗಳಿವೆ. ಕೆಳಗೆ ‘ಏನು ಬೇಕು?’ ಎಂದು ಇನ್ನೊಂದು ಸೇರಿಸಿದರೆ ಹೇಗೆ? ಹಳೆಯ ಫಾರ್ಮಿನ ಕಟ್ಟುಗಳು ಕಪಾಟಿನ ತುಂಬ ಇವೆ, ಅವು ಮುಗಿಯುವವರೆಗೆ ಮ್ಯಾನೇಜರು ಹೊಸದು ಅಚ್ಚು ಹಾಕಿಸುವವರಲ್ಲ; ಪೆನ್ನಿನಲ್ಲಿಯೇ ಬರೆದುಕೊಂಡರೆ ಆದೀತು, ಆದರೆ ಬೆಳಗಿನ ಗದ್ದಲದಲ್ಲಿ ಅದನ್ನು ಕೇಳುವವರು ಯಾರು?